12ಕ್ಕೆ 15 ಕೂಡಿದರೆ 1215 ಯಾಕೆ?

ಪ್ರಶ್ನೆ: ಪೈಥಾನ್ ಈಗಷ್ಟೇ ಕಲಿಯುತ್ತಿದ್ದೇನೆ. ಎರಡು ಲೋಡ್ ಕಬ್ಬಿನ ತೂಕ ಕೂಡಿಸಲು ಪ್ರೋಗ್ರಾಂ ಬರೆದೆ. 12, 15 ಕೊಟ್ಟರೆ 1215 ಬರುತ್ತಿದೆ. ಯಾಕೆ?
— ಓದುಗರೊಬ್ಬರು, ಮಂಡ್ಯ

ಉತ್ತರ: ಪೈಥಾನ್ 3ರಲ್ಲಿ ಇನ್‌ಪುಟ್ ಫಂಕ್ಷನ್ ನೀವು ಏನೇ ಟೈಪ್ ಮಾಡಿದರೂ ಅದನ್ನು ಸ್ಟ್ರಿಂಗ್ ಆಗಿಯೇ, ಅಂದರೆ ಬರೀ ಅಕ್ಷರಗಳ ಸಾಲಾಗಿ ಕೊಡುತ್ತದೆ, ಎರಡು ಸ್ಟ್ರಿಂಗ್ ನಡುವೆ ಪ್ಲಸ್ ಹಾಕಿದರೆ ಅವು ಪಕ್ಕಪಕ್ಕ ಅಂಟಿಕೊಳ್ಳುತ್ತವೆ, ಅಷ್ಟೇ. ಕೂಡುವ ಮೊದಲು ಸಂಖ್ಯೆ ಮಾಡಿಕೊಳ್ಳಿ. ಪೂರ್ಣಾಂಕ ಮಾತ್ರ ಮಾಡಿಕೊಡುವ ಇಂಟ್ ಬೇಡ, ದಶಮಾಂಶವನ್ನೂ ಒಪ್ಪುವ ಫ್ಲೋಟ್ ಬಳಸಿ. ತೂಕ 12.5 ಟನ್ ಅಂತಲೂ ಬರುತ್ತದೆ ಅಲ್ವಾ, ಇನ್‌ಪುಟ್‌ನಿಂದ ಬಂದ ಆ 12.5 ಅನ್ನು ನೇರವಾಗಿ ಇಂಟ್‌ಗೆ ಕೊಟ್ಟರೆ ವ್ಯಾಲ್ಯೂ ಎರರ್ ಬಂದು ಪ್ರೋಗ್ರಾಂ ನಿಂತೇ ಹೋಗುತ್ತದೆ. ಅನುಮಾನ ಬಂದಾಗ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಟೈಪ್ ಫಂಕ್ಷನ್‌ಗೆ ವೇರಿಯಬಲ್ ಕೊಟ್ಟು ಪ್ರಿಂಟ್ ಮಾಡಿ ನೋಡಿ, ಅದರಲ್ಲಿರುವುದು ಸ್ಟ್ರಿಂಗೋ ಸಂಖ್ಯೆಯೋ ಗೊತ್ತಾಗುತ್ತದೆ. ಮುಂದಿನ ಸಲ ಪೂರ್ತಿ ಕೋಡ್ ಕಳಿಸಿ, ಎರರ್ ಬಂದಿದ್ದರೆ ಅದರ ಕೊನೆಯ ಸಾಲನ್ನೂ ಸೇರಿಸಿ.