ಗದ್ದೆಯ ಕೆಂಪು ಮರಿ, ಹಳ್ಳದ ಪಟ್ಟೆ ಮೀನು

ಮಳೆ ಹಿಡಿದಾಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗದ್ದೆ, ಹಳ್ಳ, ಹೊಳೆಯಿಂದ ಹಿಡಿದು ತಂದ ಮೀನಿನ ಬಗ್ಗೆಯೇ ಇವೆ. ಈ ಸಲ ಅವಕ್ಕೇ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮ ಗದ್ದೆಯಲ್ಲಿ ಅರ್ಧ ಬೆರಳಿನಷ್ಟಿರುವ ಕೆಂಪು ಮೀನುಗಳು ನೂರಾರು ಒಟ್ಟಿಗೆ ಓಡಾಡುತ್ತಿದ್ದವು. ಮಗಳು ಇಪ್ಪತ್ತು ಮರಿ ಹಿಡಿದು ಗಾಜಿನ ತೊಟ್ಟಿಗೆ ಬಿಟ್ಟಿದ್ದಾಳೆ. ಅದರಲ್ಲಿ ಮೊದಲೇ ಗಪ್ಪಿಗಳಿವೆ. ಇದು ಯಾವ ಮೀನು? ಸಾಕಬಹುದಾ?
– ಓದುಗರೊಬ್ಬರು, ಬನವಾಸಿ

ಉತ್ತರ: ಮೊದಲು ಎದ್ದು ಹೋಗಿ ಗಪ್ಪಿಗಳನ್ನು ಬೇರೆ ಮಾಡಿ ಬನ್ನಿ. ಉಳಿದದ್ದು ಆಮೇಲೆ ಓದಿದರಾಯಿತು.

ಅವು ಕುಚ್ಚು ಮೀನಿನ ಮರಿಗಳು, ಗಪ್ಪಿಗಳನ್ನು ತಿಂದುಬಿಡುತ್ತವೆ. ಚಿಕ್ಕವಿರುವಾಗ ಕೆಂಡದ ಚೂರಿನ ಹಾಗೆ ಕೆಂಪಗಿರುತ್ತವೆ. ಬೆಳೆಯುತ್ತಾ ಹೋದಂತೆ ಆ ಕೆಂಪು ಪೂರ್ತಿ ಹೋಗಿಬಿಡುತ್ತದೆ. ಬೆನ್ನು ಕೆಸರಿನ ಬಣ್ಣಕ್ಕೆ ತಿರುಗುತ್ತದೆ, ಹೊಟ್ಟೆ ಬೆಳ್ಳಗಾಗುತ್ತದೆ, ತಲೆ ಹಾವಿನ ತಲೆಯ ಹಾಗೆ ಚಪ್ಪಟೆಯಾಗುತ್ತದೆ. ಗುರುತಿಗೆ ಬಣ್ಣ ನೋಡಬೇಡಿ, ರೆಕ್ಕೆ ನೋಡಿ. ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಶುರುವಾಗಿ ಹೆಚ್ಚುಕಡಿಮೆ ಬಾಲದವರೆಗೂ ಒಂದೇ ಪಟ್ಟಿಯಾಗಿ ಹೋಗಿರುತ್ತದೆ. ಹೊಟ್ಟೆಯ ಕಡೆಗೂ ಅಂಥದೇ ಉದ್ದ ರೆಕ್ಕೆ. ಜೊತೆಗೆ ಆಗಾಗ ನೀರಿನ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿ ಹೋಗುತ್ತದೆ. ಈ ಮೂರೂ ಕಂಡರೆ ಮತ್ತೆ ಅನುಮಾನ ಬೇಡ.

ಏಳನೇ ಕ್ಲಾಸಿನಲ್ಲಿದ್ದಾಗ ನಾನೂ ಇದೇ ಕೆಂಪಿಗೆ ಮರುಳಾದವನು. ವರದಾ ಹೊಳೆಯ ಪಕ್ಕದ ಗದ್ದೆ. ಮಳೆ ನೀರಿಗೆ ಹೊಳೆಯಿಂದ ಹತ್ತಿ ಬರುವ ಮೀನು ಹಿಡಿಯಲು ಅಣ್ಣ ಕೂಣಿ (ಬಿದಿರಿನ ಮೀನುಬುಟ್ಟಿ) ಕಟ್ಟುತ್ತಿದ್ದ. ನಾನು ಬೈರಾಸಿನಲ್ಲಿ ಮರಿಗಳನ್ನು ಎತ್ತಿದೆ. ಎತ್ತಿದ್ದೇ ತಡ, ಕೆಸರು ನೀರಿನೊಳಗಿಂದ ಮೊಣಕೈ ಉದ್ದದ ಮೀನು ನುಗ್ಗಿ ಬಂದು ಮೊಣಕಾಲ ಕೆಳಗೆ ಬಡಿಯಿತು. ಮತ್ತೆ ಹಿಂದೆ ಸರಿದು ಇನ್ನೊಮ್ಮೆ ಬಂತು. ಕುಚ್ಚು ಮೀನು ಮರಿಗಳನ್ನು ಬಿಟ್ಟು ಹೋಗುವುದಿಲ್ಲ. ಕೆಂಪು ಗುಂಪು ಮೇಲೆ ಆಡುತ್ತಿದ್ದರೆ ಅದರ ಕೆಳಗೆ ದೊಡ್ಡದು ಕಾವಲಿಗೆ ಇದ್ದೇ ಇರುತ್ತದೆ. ಅದು ಆವತ್ತು ನನಗೆ ಗೊತ್ತಿರಲಿಲ್ಲ. ಮೂವತ್ತು ಮರಿ ತಂದು ಹಿತ್ತಲಿನ ಸಿಮೆಂಟು ತೊಟ್ಟಿಗೆ ಬಿಟ್ಟೆ. ದೀಪಾವಳಿ ಹೊತ್ತಿಗೆ ಏಳು ಉಳಿದಿದ್ದವು. ಬೇರೆ ಯಾರೂ ತಿಂದಿರಲಿಲ್ಲ, ಒಂದನ್ನೊಂದು ಅವೇ ತಿಂದಿದ್ದವು. ಒಂದು ರಾತ್ರಿ ಅದರಲ್ಲೊಂದು ಹಾರಿ ಹೊರಗೆ ಬಿದ್ದಿತ್ತು. ಬೆಳಿಗ್ಗೆ ಹಾಲು ಕರೆಯಲು ಹೋದ ಆಯಿಗೆ ಕೊಟ್ಟಿಗೆಯ ಗಂಜಲದ ಕಾಲುವೆಯಲ್ಲಿ ಸಿಕ್ಕಿತು, ಇನ್ನೂ ಜೀವವಿತ್ತು. ಗಾಳಿ ಉಸಿರಾಡುವ ಮೀನು, ಮೈ ಒದ್ದೆಯಿದ್ದರೆ ತುಂಬಾ ಹೊತ್ತು ಬದುಕುತ್ತದೆ.

ನಿಮ್ಮ ಇಪ್ಪತ್ತು ಮರಿಗಳೂ ಹಾಗೇ ಬೆಳೆಯುತ್ತವೆ. ಎರಡು ಅಡಿ ದಾಟುವ ಮೀನು ಇದು. ಮನೆಯ ಗಾಜಿನ ತೊಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಹಿಡಿದ ಕೂಡಲೇ ಆಗಿದ್ದರೆ ಅದೇ ಗದ್ದೆಗೆ, ಅದೇ ಗುಂಪಿಗೆ ಬಿಟ್ಟುಬಿಡಿ ಅನ್ನುತ್ತಿದ್ದೆ. ಈಗ ಗಪ್ಪಿಯ ನೀರು ಸೇರಿದೆ. ಅಂಗಡಿ ಮೀನಿನ ರೋಗ ಗದ್ದೆಗೆ, ಅಲ್ಲಿಂದ ಹೊಳೆಗೆ ಹೋಗುವುದು ಬೇಡ. ಹೊಳೆಗೆ ಕೋಡಿ ಇಲ್ಲದ ಕೃಷಿ ಹೊಂಡ ನಿಮ್ಮಲ್ಲಿದ್ದರೆ ಅಲ್ಲಿಗೆ ಬಿಡಿ. ಅಲ್ಲಿಯವರೆಗೆ ಎರೆಹುಳು ಚೂರು ಮಾಡಿ ಹಾಕಿ, ಮೇಲೆ ಭಾರದ ಮುಚ್ಚಳ ಇಡಿ. ಮಗಳಿಗೆ ಬೇಜಾರಾಗುತ್ತದೆ, ಗೊತ್ತು. ಅವಳನ್ನು ಗದ್ದೆಯ ಬದುವಿಗೆ ಕರೆದುಕೊಂಡು ಹೋಗಿ, ಕಾವಲು ಕಾಯುವ ದೊಡ್ಡ ಮೀನನ್ನು ತೋರಿಸಿ. ತೊಟ್ಟಿಯಲ್ಲಿ ಅದು ನೋಡಲು ಸಿಗುವುದಿಲ್ಲ.

ಪ್ರಶ್ನೆ: ಆಷಾಢದಲ್ಲಿ ತೋಟದ ಪಕ್ಕದ ಹಳ್ಳದಿಂದ ಎಂಟು ಮೀನು ತಂದೆ. ಬೆಳ್ಳಿ ಮೈ, ಪಕ್ಕೆಯಲ್ಲಿ ನೀಲಿ–ಹಳದಿ ಪಟ್ಟೆ. ಹೊಸ ತೊಟ್ಟಿ ತೊಳೆದು, ತೋಟದ ಬಸಿಗಾಲುವೆಯ ತಿಳಿ ನೀರು ತುಂಬಿಸಿದ್ದೆ. ಎರಡು ಹಾರಿ ಸತ್ತವು. ನಾಲ್ಕು ಮೂರನೇ ದಿನ ಮೇಲೆ ಬಂದು ಬಾಯಿ ಬಾಯಿ ಬಿಟ್ಟು ಸತ್ತವು. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ನೀವು ಕಳಿಸಿದ ಫೋಟೋ ಚೆನ್ನಾಗಿದೆ. ಪಕ್ಕದಿಂದ ತೆಗೆದಿದ್ದೀರಿ, ಸ್ಕೇಲ್ ಇಟ್ಟಿದ್ದೀರಿ. ಎಲ್ಲರೂ ಹೀಗೇ ಕಳಿಸಿದರೆ ನನಗೆ ಅರ್ಧ ಕೆಲಸ ಉಳಿಯುತ್ತದೆ. ಇದು ಡೆವಾರಿಯೋ ಜಾತಿಯ ಮೀನು, ಅಂಗಡಿಯವರು ಜೈಂಟ್ ಡ್ಯಾನಿಯೋ ಅನ್ನುತ್ತಾರೆ. ನಮ್ಮ ಘಟ್ಟದ ಹಳ್ಳಗಳಲ್ಲಿ ಬೇಕಾದಷ್ಟಿದೆ. ನಾಲ್ಕು ಇಂಚಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಜಗಳಗಂಟಿಯಲ್ಲ. ಕಾಡುಮೀನು ಸಾಕಬೇಕೆಂದರೆ ನಾನು ಮೊದಲು ಹೇಳುವುದು ಇದನ್ನೇ.

ಆದರೆ ಇದು ಹರಿಯುವ ನೀರಿನ ಮೀನು. ಹಳ್ಳದ ನೀರು ತಣ್ಣಗೆ, ಕಲ್ಲಿಗೆ ಬಡಿದು ನೊರೆ ಎದ್ದು ಬರುತ್ತದೆ. ನಿಂತ ನೀರಿಗೆ ಬಿದ್ದರೆ ಉಸಿರು ಸಾಲುವುದಿಲ್ಲ. ಅದರ ಮೇಲೆ ಹೊಸ ತೊಟ್ಟಿ. ಮೀನಿನ ಕಿವಿರಿನಿಂದ ಅಮೋನಿಯಾ ಹೊರಗೆ ಬರುತ್ತಲೇ ಇರುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ಮೀನಿಗೆ ಮಾತ್ರ ವಿಷ.

ನನಗೆ ಇನ್ನೂ ದೊಡ್ಡ ಅನುಮಾನ ಇರುವುದು ಆ ಬಸಿಗಾಲುವೆಯ ಮೇಲೆ. ಆ ದಿನಗಳಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದಿರಾ? ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ಅದು ಸ್ವಲ್ಪ ಇದ್ದರೂ ಮೀನಿನ ಕಿವಿರು ಕೆಡುತ್ತದೆ. ಸುಣ್ಣದಂಶ ಕಡಿಮೆಯಿರುವ ನಮ್ಮ ಕಡೆಯ ಮೆದು ನೀರಿನಲ್ಲಿ ಅದರ ಹೊಡೆತ ಇನ್ನೂ ಜಾಸ್ತಿ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ್ದು, ಮಳೆಗೆ ತೊಳೆದದ್ದು ಎಲ್ಲ ಬಂದು ಸೇರುವುದು ಬಸಿಗಾಲುವೆಗೇ ಅಲ್ವಾ? ಔಷಧಿ ಹೊಡೆಯುವ ಕಾಲದಲ್ಲಿ ಆ ನೀರು ಬೇಡವೇ ಬೇಡ, ಅಲ್ಲಿನ ಮೀನೂ ಬೇಡ.

ಉಳಿದ ಎರಡನ್ನು ಹೀಗೆ ನೋಡಿಕೊಳ್ಳಿ. ತೋಟಕ್ಕಿಂತ ಎತ್ತರದಲ್ಲಿರುವ ಬಾವಿಯ ನೀರನ್ನು ಬಕೆಟಿನಲ್ಲಿ ಒಂದು ದಿನ ಗಾಳಿಗಿಟ್ಟು, ದಿನಾ ಕಾಲು ಭಾಗ ಬದಲಿಸಿ. ಊಟ ಎರಡು ದಿನಕ್ಕೊಮ್ಮೆ, ಚಿಟಿಕೆಯಷ್ಟೇ. ಮೀನು ಸಾಕುವ ಗೆಳೆಯರಿದ್ದರೆ ಅವರ ಹಳೇ ಫಿಲ್ಟರಿನ ಸ್ಪಂಜು ಕೇಳಿ ತಂದು ನಿಮ್ಮದರ ಜೊತೆ ಹಾಕಿ. ತೊಳೆಯಬೇಡಿ, ಆ ಕೊಳೆಯಲ್ಲೇ ಬೇಕಾದ ಬ್ಯಾಕ್ಟೀರಿಯಾ ಇದೆ. ತೊಟ್ಟಿ ಮೂರು ಅಡಿ ಉದ್ದವಾದರೂ ಇರಲಿ, ಮೇಲೆ ಸಂದಿಲ್ಲದ ಮುಚ್ಚಳ ಇರಲಿ. ಎಲ್ಲ ನೆಲೆಗೆ ಬಂದ ಮೇಲೆ ಇನ್ನು ನಾಲ್ಕು ಮೀನು ತನ್ನಿ. ಇವು ಗುಂಪಿನಲ್ಲೇ ಧೈರ್ಯವಾಗಿರುವ ಮೀನು. ಹೊಸದಾಗಿ ತಂದವನ್ನು ಮೂರು ವಾರ ಬೇರೆ ಬಕೆಟಿನಲ್ಲಿಟ್ಟು ಗಮನಿಸಿ. ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಅಥವಾ ದಾರದ ತುಂಡು ಜೋತುಬಿದ್ದಂತೆ ಹುಳ ಕಂಡರೆ ದೊಡ್ಡ ತೊಟ್ಟಿಗೆ ಸೇರಿಸಬೇಡಿ.

ಪ್ರಶ್ನೆ: ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಅಳಿವೆ ಬದಿಯ ಗದ್ದೆಯಲ್ಲಿ, ಚೌತಿ ಹೊತ್ತಿಗೆ ಎರಡು ಹಳದಿ ಮೀನು ಸಿಕ್ಕವು. ಅಂಗೈಗಿಂತ ಚಿಕ್ಕವು, ಪಕ್ಕೆಯ ನಡುವೆ ಕಪ್ಪು ಮಚ್ಚೆ. ತೊಟ್ಟಿಗೆ ಉಪ್ಪು ಹಾಕಬೇಕಾ?
– ಓದುಗರೊಬ್ಬರು, ಕುಮಟಾ

ಉತ್ತರ: ಈಗ ಬೇಡ. ಇದು ಆರೆಂಜ್ ಕ್ರೋಮೈಡ್, ಕೇರಳದವರ ಕರಿಮೀನಿನ ಚಿಕ್ಕ ತಮ್ಮ ಅನ್ನಬಹುದು. ಗಜನಿ ನೀರು ವರ್ಷಪೂರ್ತಿ ಒಂದೇ ಥರ ಇರುವುದಿಲ್ಲ, ನಿಮಗೇ ಗೊತ್ತು. ಮಳೆಗಾಲದಲ್ಲಿ ಹೊಳೆ ನೀರು ತುಂಬಿ ಸಿಹಿಯಾಗುತ್ತದೆ, ಕಗ್ಗ ಭತ್ತ ಬೆಳೆಯುವುದೂ ಆಗಲೇ. ಬೇಸಿಗೆಯಲ್ಲಿ ಅದೇ ಜಾಗ ಉಪ್ಪು. ಈ ಮೀನು ಎರಡಕ್ಕೂ ಹೊಂದಿಕೊಂಡಿದೆ, ಆದರೆ ನಿಧಾನವಾಗಿ. ಚೌತಿಯಲ್ಲಿ ಹಿಡಿದದ್ದನ್ನು ಒಮ್ಮೆಲೇ ಉಪ್ಪು ನೀರಿಗೆ, ಬೇಸಿಗೆಯಲ್ಲಿ ಹಿಡಿದದ್ದನ್ನು ಒಮ್ಮೆಲೇ ಬಾವಿ ನೀರಿಗೆ ಹಾಕಿದರೆ ತಡೆದುಕೊಳ್ಳುವುದಿಲ್ಲ. ಹಿಡಿದ ಜಾಗದ ನೀರನ್ನು ನಾಲಿಗೆಗೆ ಹಚ್ಚಿ ನೋಡಿ ಬರೆದಿಟ್ಟುಕೊಳ್ಳಿ.

ಆ ಎರಡೂ ಗಂಡು–ಹೆಣ್ಣಿನ ಜೋಡಿಯಾಗಿದ್ದರೆ ನಿಮ್ಮ ಅದೃಷ್ಟ ದೊಡ್ಡದು. ಒಂದು ಚಪ್ಪಟೆ ಕಲ್ಲು ಇಡಿ. ಮೊಟ್ಟೆ ಅಂಟಿಸಿ ಇಬ್ಬರೂ ಸರದಿಯಲ್ಲಿ ರೆಕ್ಕೆಯಿಂದ ಗಾಳಿ ಹಾಕುತ್ತಾರೆ. ಮರಿಗಳು ಈಜಲು ಶುರುಮಾಡಿದ ಮೇಲೆ ಹತ್ತಿರದಿಂದ ನೋಡಿ: ಅಪ್ಪ ಅಮ್ಮನ ಪಕ್ಕೆಗೆ ಒಂದೊಂದಾಗಿ ಬಂದು ಮೂತಿ ತಾಗಿಸಿ ಹೋಗುತ್ತವೆ. ಮೈಮೇಲಿನ ಲೋಳೆ ಅವುಗಳ ಆಹಾರ. ನಾನು ಮೊದಲ ಸಲ ನೋಡಿದ ರಾತ್ರಿ ತೊಟ್ಟಿಯ ಮುಂದಿನಿಂದ ಏಳಲಾಗಲಿಲ್ಲ. ಆ ದಿನಗಳಲ್ಲಿ ಅಪ್ಪ ಅಮ್ಮನನ್ನು ಬೇರೆ ಮಾಡಲೇಬೇಡಿ.

ಪ್ರಶ್ನೆ: ಅಂಗಡಿಯಿಂದ ತಂದ ಸಕ್ಕರ್ ಮೀನು ಒಂದು ಅಡಿ ಆಗಿದೆ. ಕಾಳಿ ನದಿಗೆ ಬಿಡಲಾ? ಜೋಯಿಡಾ ಕಡೆ ಕಾಡಿನ ಹಳ್ಳದಿಂದ ಬೇರೆ ಮೀನು ತರುವ ಆಸೆ.
– ಹತ್ತನೇ ತರಗತಿ ವಿದ್ಯಾರ್ಥಿ, ಕಾರವಾರ

ಉತ್ತರ: ಎರಡೂ ಬೇಡ, ತಮ್ಮಾ. ಸಕ್ಕರ್ ದಕ್ಷಿಣ ಅಮೆರಿಕದ ಮೀನು. ಗಟ್ಟಿ ಕವಚ, ಉಸಿರುಗಟ್ಟುವ ನೀರಲ್ಲೂ ಬದುಕುತ್ತದೆ, ದಡ ಕೊರೆದು ಬಿಲ ಮಾಡಿ ಮೊಟ್ಟೆ ಇಡುತ್ತದೆ. ಹೊಳೆ ಸೇರಿದರೆ ವಾಪಸು ತೆಗೆಯಲು ಯಾರಿಂದಲೂ ಆಗುವುದಿಲ್ಲ. ತಂದ ಅಂಗಡಿಗೇ ಕೊಡು. ಅವರು ಬೇಡ ಅಂದರೆ ದೊಡ್ಡ ತೊಟ್ಟಿ ಇರುವವರನ್ನು ಹುಡುಕು. ಜೋಯಿಡಾ ಕಡೆಯ ಎಷ್ಟೋ ಹಳ್ಳಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಮೀನು ಹಿಡಿಯುವುದು ಅಪರಾಧ. ನಿಮ್ಮ ಮನೆ ಹತ್ತಿರದ ಹಳ್ಳ ಯಾವುದು, ಅದರಲ್ಲಿ ಏನೇನು ಕಂಡೆ ಅಂತ ಪಕ್ಕದಿಂದ ಫೋಟೋ ತೆಗೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ಅಲ್ಲಿಂದಲೇ ಶುರುಮಾಡೋಣ.