ಪ್ರತಿಕ್ರಿಯೆ: ಸ್ಟ್ರೇಂಜ್ ಕಣಗಳು ಸಾಕ್ಷಿ ಆಗುವುದು ಹೇಗೆ?

ನಮಸ್ಕಾರ. ಪ್ರೋಟಾನ್ ಡಿಕ್ಕಿಯಲ್ಲೂ ಸ್ಟ್ರೇಂಜ್ ಕಣ (ಸ್ಟ್ರೇಂಜ್ ಎಂಬ ಬಗೆಯ ಕ್ವಾರ್ಕ್ ಇರುವ ಕಣ) ಹುಟ್ಟುತ್ತವೆ, ಮತ್ತೆ ಅವು ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾಕ್ಕೆ, ಅಂದರೆ ಪ್ರೋಟಾನ್, ನ್ಯೂಟ್ರಾನ್ ಕರಗಿ ಒಳಗಿನ ಕ್ವಾರ್ಕ್‌ಗಳೂ ಅವನ್ನು ಬೆಸೆಯುವ ಗ್ಲುವಾನ್‌ಗಳೂ ಬಿಡಿಯಾಗಿ ಓಡಾಡುವ ಸ್ಥಿತಿಗೆ, ಸಾಕ್ಷಿ ಹೇಗೆ ಅಂತ ಕೇಳಿದ್ದೀರಿ. ನಾನೂ ನಿಮ್ಮ ಹಾಗೆ ಡೊಂಬಿವಲಿಯವನೇ, ಖುಷಿಯಾಯಿತು.

ಹುಟ್ಟುತ್ತವೆ ಅನ್ನುವುದಲ್ಲ, ಎಷ್ಟು ಹುಟ್ಟುತ್ತವೆ ಅನ್ನುವುದು ಮುಖ್ಯ. ಮಾಮೂಲಿ ಡಿಕ್ಕಿಯಲ್ಲಿ ಲ್ಯಾಮ್ಡಾ, ಕೇಯಾನ್ ಎಂಬ ಎರಡು ಸ್ಟ್ರೇಂಜ್ ಕಣಗಳನ್ನೂ ಇಡಿಯಾಗಿ ಹುಟ್ಟಿಸಬೇಕು. ಅದಕ್ಕೆ ಸುಮಾರು 670 ಎಂಇವಿ (ಕಣಗಳ ಲೋಕದಲ್ಲಿ ಶಕ್ತಿಯ ಅಳತೆ) ಶಕ್ತಿ ಬೇಕು. ಪ್ಲಾಸ್ಮಾದಲ್ಲಿ ಎರಡು ಗ್ಲುವಾನ್ ಸೇರಿದರೆ ನೇರವಾಗಿ ಸ್ಟ್ರೇಂಜ್ ಕ್ವಾರ್ಕ್, ಅದರ ಪ್ರತಿಕ್ವಾರ್ಕ್ ಜೋಡಿ, ಖರ್ಚು ಸುಮಾರು 200 ಎಂಇವಿ. ಹಾಗಾಗಿ ಅಲ್ಲಿ ಜಾಸ್ತಿ ಹುಟ್ಟಬೇಕು. ಭೌತವಿಜ್ಞಾನಿಗಳಾದ ರಫೆಲ್ಸ್ಕಿ ಮತ್ತು ಮ್ಯೂಲರ್ ಇದನ್ನು 1982ರಲ್ಲೇ ಹೇಳಿದ್ದರು.

ನನ್ನ ಪ್ರಕಾರ ಗಟ್ಟಿ ಸಾಕ್ಷಿ ಒಮೇಗಾ ಎಂಬ ಕಣ. ಅದರಲ್ಲಿರುವ ಮೂರೂ ಸ್ಟ್ರೇಂಜ್ ಕ್ವಾರ್ಕ್. ದಾದರ್ ಸ್ಟೇಷನ್ನಿನ ಒಂದೊಂದು ಬೆಂಚಿನಲ್ಲೂ ಮೂರು ಮೂರು ಕನ್ನಡದವರೇ ಸಿಕ್ಕರೆ, ಪ್ಲಾಟ್‌ಫಾರ್ಮ್ ತುಂಬ ಕನ್ನಡದವರೇ ಇರಬೇಕು ಅಲ್ವಾ? ಹಾಗೆ. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಸೀಸದ ನ್ಯೂಕ್ಲಿಯಸ್‌ಗಳ ಡಿಕ್ಕಿಯಲ್ಲಿ, ಪಾಲ್ಗೊಂಡ ಒಂದು ನ್ಯೂಕ್ಲಿಯಾನಿನ (ಪ್ರೋಟಾನ್ ಅಥವಾ ನ್ಯೂಟ್ರಾನಿನ) ಲೆಕ್ಕಕ್ಕೆ, ಒಮೇಗಾ ಮಾಮೂಲಿ ಡಿಕ್ಕಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಸಿಕ್ಕವು. ಲ್ಯಾಮ್ಡಾ ಏರಿಕೆ ಅಷ್ಟಿರಲಿಲ್ಲ.

ನಿಮ್ಮ ಅನುಮಾನ ಮಾತ್ರ ಸುಮ್ನೆ ಅಲ್ಲ. ತುಂಬಾ ಕಣ ಚೆಲ್ಲುವ ಪ್ರೋಟಾನ್ ಡಿಕ್ಕಿಗಳಲ್ಲೂ ಇದೇ ಏರಿಕೆ ಇದೆ ಅಂತ ಸರ್ನ್‌ನದೇ ಆಲಿಸ್ ಪ್ರಯೋಗ 2017ರಲ್ಲಿ ತೋರಿಸಿತು. ಅಲ್ಲೂ ಪ್ಲಾಸ್ಮಾದ ಹನಿ ಹುಟ್ಟುತ್ತದೆಯೇ ಎಂಬ ಚರ್ಚೆ ಇನ್ನೂ ನಡೆದಿದೆ.