ಹಿರಿಯ ಲೋಗೋ ಡಿಸೈನರ್‌ಗಳ ಕೆಲಸದ ಕ್ರಮವನ್ನು ಕಲಬುರಗಿಯಲ್ಲಿದ್ದುಕೊಂಡೇ ಕಲಿಯಬಹುದೇ, ಬೆಂಗಳೂರಿಗೆ ಹೋಗಬೇಕೇ?

ನಿಮ್ಮ ದಿನ ಹೀಗೆ: ಹಗಲು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾ, ರಾತ್ರಿ ಮೊಬೈಲ್‌ನಲ್ಲಿ ಅಮೆರಿಕದ ಹೆಸರಾಂತ ಲೋಗೋ ಡಿಸೈನರ್ ಪೌಲ್ ರ‍್ಯಾಂಡ್ ಸಂದರ್ಶನ. ನಾನೂ ಅದೇ ಕುರ್ಚಿಯಿಂದ ಎದ್ದು ಬಂದವನು, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ರ‍್ಯಾಂಡ್ ಒಂದು ಲೋಗೋಗೆ ಎಷ್ಟು ಸ್ಕೆಚ್ ಮಾಡುತ್ತಿದ್ದರು, ಐಡಿಯಾ ಎಲ್ಲಿಂದ ಬರುತ್ತಿತ್ತು, ಗಿರಾಕಿಗೆ ಎಷ್ಟು ಆಪ್ಷನ್ ತೋರಿಸುತ್ತಿದ್ದರು ಅಂತ ಕೇಳಿದ್ದೀರಿ. ಮೂರಕ್ಕೂ ಉತ್ತರ ಸಿಕ್ಕರೂ ನಿಮ್ಮ ಕೆಲಸ ಇದ್ದಲ್ಲೇ ಇರುತ್ತದೆ. ಕೇಳಬೇಕಾದ್ದು ಬೇರೆ: ಅವರು ಮಾಡಿದ ಗುರುತು ಎಂಥ ಕಾಗದ, ಎಂಥ ಶಾಯಿ, ಎಷ್ಟು ಸಣ್ಣ ಅಳತೆಯನ್ನು ತಡೆದುಕೊಂಡು ಉಳಿಯಿತು, ಮತ್ತು ಯಾಕೆ ಉಳಿಯಿತು?

ರ‍್ಯಾಂಡ್ ಹುಟ್ಟಿದ್ದು 1914ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಅಪ್ಪನದು ಕಿರಾಣಿ ಅಂಗಡಿ, ಹುಡುಗ ಅದಕ್ಕೇ ಬೋರ್ಡು ಬರೆದು ಕೈ ಪಳಗಿಸಿಕೊಂಡ. ಚಿತ್ರ ಬರೆದು ಹೊಟ್ಟೆ ತುಂಬುವುದಿಲ್ಲ ಎಂದು ಅಪ್ಪ ಹಗಲು ಮಾಮೂಲಿ ಶಾಲೆಗೇ ಕಳಿಸಿದ, ಪ್ರ್ಯಾಟ್ ಎಂಬ ಕಲಾಶಾಲೆಯ ಕ್ಲಾಸು ರಾತ್ರಿಗೆ ಉಳಿಯಿತು. ಆಮೇಲೆ ಪತ್ರಿಕೆಗಳ ಪುಟ ಕಟ್ಟುವ ಕೆಲಸ, ಮುಖಪುಟ, ಜಾಹೀರಾತು. ಕಂಪ್ಯೂಟರ್ ಕಂಪನಿ ಐಬಿಎಂನ ಲೋಗೋ ಬಂದದ್ದು 1956ರಲ್ಲಿ, ನಲವತ್ತು ದಾಟಿದ ಮೇಲೆ. ಪಾರ್ಸೆಲ್ ಕಂಪನಿ ಯುಪಿಎಸ್‌ನದು 1961, ಟಿವಿ ಕಂಪನಿ ಎಬಿಸಿಯದು 1962. ಅಷ್ಟರೊಳಗೆ ಎರಡು ದಶಕ ಅಚ್ಚಿನ ಕೆಲಸ ಕೈಯಲ್ಲಿ ಕೂತಿತ್ತು. ಸಂದರ್ಶನದಲ್ಲಿ ಈ ಭಾಗ ಎರಡೇ ವಾಕ್ಯದಲ್ಲಿ ಮುಗಿದುಹೋಗುತ್ತದೆ, ನಮಗೆ ಬೇಕಾದ್ದೋ ಅದೇ.

ಐಬಿಎಂ ಅಕ್ಷರಗಳನ್ನು ಹತ್ತಿರದಿಂದ ನೋಡ್ರಿ. ಐ ಸಪೂರ, ಬಿ ಮಧ್ಯಮ, ಎಂ ಅಗಲ. ಮೂರೂ ಪಕ್ಕಪಕ್ಕ ನಿಂತರೆ ಕಣ್ಣು ಬಲಕ್ಕೆ ಜಾರುತ್ತದೆ, ಒಂದು ಗುಂಪು ಅನ್ನಿಸುವುದಿಲ್ಲ. 1972ರಲ್ಲಿ ನೆಲೆಗೊಂಡ ಎಂಟು ಅಡ್ಡಪಟ್ಟಿಯ ರೂಪ ಈ ತೊಂದರೆಗೆ ಕೊಟ್ಟ ಮದ್ದು: ಒಂದೇ ಗೆರೆ ಮೂರೂ ಅಕ್ಷರದ ಮೂಲಕ ಹಾಯ್ದು ಅವನ್ನು ಹಿಡಿದು ಕಟ್ಟುತ್ತದೆ. ಬಿಳಿ ಹಿನ್ನೆಲೆಗೆ ಮತ್ತು ಕಪ್ಪು ಹಿನ್ನೆಲೆಗೆ ಪಟ್ಟಿಗಳ ದಪ್ಪವೂ ಬೇರೆ ಬೇರೆ. ಕಪ್ಪಿನ ಮೇಲಿನ ಬಿಳಿ ಗೆರೆ ಕಣ್ಣಿಗೆ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಅದಕ್ಕೆ ಅಲ್ಲಿ ಸ್ವಲ್ಪ ತೆಳು ಮಾಡಬೇಕು. ಕೋರೆಲ್‌ನಲ್ಲಿ ಬಣ್ಣ ತಿರುಗಿಸಿ 'ರಿವರ್ಸ್ ಲೋಗೋ ರೆಡಿ' ಅನ್ನುವವರು ಇದನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಈಗ ನಮ್ಮ ಕಡೆ ಹೆಚ್ಚು ದುಡ್ಡು ತಿನ್ನುವ ತಪ್ಪಿಗೆ ಬರೋಣ. ತಪ್ಪು ಒಂದೇ, ಲೋಗೋವನ್ನು ಸ್ಕ್ರೀನ್ ಮೇಲೆ ನೋಡಿ ಪಾಸ್ ಮಾಡುವುದು. ಇದರ ಮೇಲೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ನೆಹರು ಗಂಜ್ ಕಡೆಯ ದಾಲ್ ಮಿಲ್ಲೊಂದಕ್ಕೆ ಲೋಗೋ ಮಾಡುತ್ತಿದ್ದೀರಿ ಅಂದುಕೊಳ್ಳಿ. ತೊಗರಿ ಕಾಯಿ, ಹಿಂದೆ ಸೂರ್ಯ, ಹಳದಿಯಿಂದ ಕೇಸರಿಗೆ ಗ್ರೇಡಿಯಂಟ್, ಸುತ್ತ ಸಣ್ಣ ಗೆರೆಯ ಉಂಗುರ. ಮಾನಿಟರ್‌ನಲ್ಲಿ ಮಾಲೀಕರಿಗೂ ಖುಷಿ. ಚೀಲ ಬಂದ ದಿನ ಕೇಳುತ್ತಾರೆ: "ಛಂದ ಮಾಡಿದ್ರಿ, ಖರೆ ಚೀಲದ ಮ್ಯಾಲ ಹಿಂಗ್ಯಾಕ ಬಂದದ?"

ಹೀಗೆ ಬರಲು ಕಾರಣ ಚೀಲದ ನೇಯ್ಗೆಯಲ್ಲಿದೆ. ಸಾದಾ ಪಿಪಿ (ಪಾಲಿಪ್ರೊಪಿಲೀನ್) ಚೀಲವನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ನೇಯುತ್ತಾರೆ. 10×10 ಮೆಶ್ ಎಂದರೆ ಒಂದಿಂಚಿಗೆ ಹತ್ತು ಪಟ್ಟಿ, ಒಂದೊಂದೂ ಸುಮಾರು ಎರಡೂವರೆ ಮಿಲಿಮೀಟರ್. ಪಟ್ಟಿಯೊಂದರ ಮೇಲೊಂದು ಹಾಯುವಲ್ಲೆಲ್ಲ ಉಬ್ಬು, ಪಕ್ಕದಲ್ಲೇ ತಗ್ಗು. ರಬ್ಬರ್ ಅಥವಾ ಪಾಲಿಮರ್ ಬ್ಲಾಕ್ ಬಂದು ಒತ್ತಿದಾಗ ಶಾಯಿ ಉಬ್ಬಿಗೆ ಹತ್ತುತ್ತದೆ, ತಗ್ಗಿಗೆ ಹತ್ತುವುದಿಲ್ಲ. ಒಂದು ಮಿಲಿಮೀಟರ್ ಗೆರೆ ಅಲ್ಲಿ ಚುಕ್ಕಿಚುಕ್ಕಿಯಾಗಿ ತುಂಡಾಗುತ್ತದೆ. ಒಂದು ಮಿಲಿಮೀಟರ್ ಸಂದು ಶಾಯಿ ಹರಡಿ ಮುಚ್ಚಿಹೋಗುತ್ತದೆ. ಗ್ರೇಡಿಯಂಟ್ ಅಚ್ಚಾಗಬೇಕಾದರೆ ಅದನ್ನು ಸಣ್ಣ ಚುಕ್ಕಿಗಳಾಗಿ ಒಡೆಯಲೇಬೇಕು, ಈ ನೇಯ್ಗೆಯ ಮೇಲೆ ಆ ಚುಕ್ಕಿ ನಿಲ್ಲುವುದಿಲ್ಲ. ಎರಡು ಬಣ್ಣವಿದ್ದರೆ ಎರಡು ಬ್ಲಾಕ್, ಮತ್ತು ಎರಡನೆಯದು ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರುವುದಿಲ್ಲ, ಒಂದೆರಡು ಮಿಲಿಮೀಟರ್ ಸರಿಯುತ್ತದೆ. ಸೂರ್ಯನ ಕೇಸರಿಯೂ ಕಾಯಿಯ ಹಸಿರೂ ಅಂಚಿಗಂಚು ತಾಗಿದ್ದರೆ ಒಂದು ಕಡೆ ಬಿಳಿ ಸೀಳು, ಇನ್ನೊಂದು ಕಡೆ ಕೊಳಕು ಕಂದು ಪಟ್ಟಿ. ಬಿಒಪಿಪಿ (ಫಿಲ್ಮ್ ಅಂಟಿಸಿದ) ಚೀಲದಲ್ಲಿ ಫೋಟೋ ಬೇಕಾದರೂ ಬರುತ್ತದಲ್ಲ ಅನ್ನಬೇಡಿ. ಅಲ್ಲಿ ಅಚ್ಚಾಗುವುದು ನುಣುಪಾದ ಫಿಲ್ಮ್ ಮೇಲೆ, ಬಣ್ಣಕ್ಕೊಂದು ಸಿಲಿಂಡರ್ ಬೇಕು, ಆ ಖರ್ಚು ಎಲ್ಲ ಮಿಲ್ಲಿನವರಿಗೂ ಹೊರುವಂಥದ್ದಲ್ಲ.

ಆದ್ದರಿಂದ ಚೀಲದ ಅಳತೆಯಲ್ಲಿ ಗೆರೆಯಾಗಲಿ ಸಂದಾಗಲಿ ಮೂರು ಮಿಲಿಮೀಟರ್‌ಗಿಂತ ಕಡಿಮೆ ಇಡಬೇಡಿ. ಎರಡು ಬಣ್ಣ ತಾಗಿಸುವ ಬದಲು ನಡುವೆ ಬೇಕೆಂದೇ ಬಿಳಿ ಜಾಗ ಬಿಡಿ, ಅದು ಮೂರರಿಂದ ನಾಲ್ಕು ಮಿಲಿಮೀಟರ್ ಇದ್ದರೆ ಸರಿದದ್ದು ಕಾಣುವುದಿಲ್ಲ. ಮೊದಲ ರೂಪವನ್ನು ಕಪ್ಪೊಂದರಲ್ಲೇ ಮಾಡಿ ಮುಗಿಸಿ, ಬಣ್ಣ ಆಮೇಲೆ.

ಅದೇ ಲೋಗೋ ಅಂಗಡಿಯ ಬಿಲ್ಲಿಗೂ ಹೋಗುತ್ತದೆ. 58 ಮಿ.ಮೀ. ಥರ್ಮಲ್ ಪ್ರಿಂಟರ್‌ನಲ್ಲಿ ಅಚ್ಚಾಗುವ ಅಗಲ 48 ಮಿ.ಮೀ., ಮಿಲಿಮೀಟರ್‌ಗೆ ಎಂಟು ಚುಕ್ಕಿಯಂತೆ ಒಟ್ಟು 384 ಚುಕ್ಕಿ. ಬೂದು ಬಣ್ಣ ಎಂಬುದೇ ಅಲ್ಲಿಲ್ಲ, ತಿಳಿ ಬಣ್ಣವೆಲ್ಲ ಮರಳು ಚೆಲ್ಲಿದಂತೆ ಬರುತ್ತದೆ. ಬಿಲ್ಲಿಗಾಗಿ 384 ಪಿಕ್ಸೆಲ್ ಅಗಲದ ಅಚ್ಚ ಕಪ್ಪು-ಬಿಳುಪಿನ ಫೈಲ್ ಬೇರೆಯೇ ಮಾಡಿಕೊಡಬೇಕು. ವಿನೈಲ್ ಕಟಿಂಗ್‌ನಲ್ಲಿ ಒಂದು ಮಿಲಿಮೀಟರ್‌ಗಿಂತ ಸಣ್ಣ ಗೆರೆ ಸುತ್ತಲಿನ ಬೇಡದ ಹಾಳೆ ಸುಲಿಯುವಾಗಲೇ ಕಿತ್ತು ಬರುತ್ತದೆ. ರೋಲಿಂಗ್ ಶಟರ್ ಮೇಲೆ ಅಡ್ಡಗೆರೆ ಹಾಕಿದರೆ ಶಟರ್‌ನ ಸ್ವಂತ ಅಡ್ಡಪಟ್ಟಿಗಳಲ್ಲಿ ಕಳೆದುಹೋಗುತ್ತದೆ (ಐಬಿಎಂನವರು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಅಂಗಡಿ ಹಾಕದಿದ್ದದ್ದು ಒಳ್ಳೆಯದೇ ಆಯಿತು).

ಸ್ಕ್ರೀನ್ ಯಾಕೆ ಮೋಸ ಮಾಡುತ್ತದೆ? 400% ಜೂಮ್‌ನಲ್ಲಿ ಕೂತಿರುತ್ತೀರಿ, 0.2 ಮಿ.ಮೀ. ಸಂದು ಅಲ್ಲಿ 0.8 ಆಗಿ ಧಾರಾಳ ಕಾಣುತ್ತದೆ. ಇದಕ್ಕೆ ಕೋರೆಲ್‌ನ ಔಟ್‌ಲೈನ್ ಕಾಟ ಬೇರೆ. 'ಸ್ಕೇಲ್ ವಿತ್ ಆಬ್ಜೆಕ್ಟ್' ಟಿಕ್ ಮಾಡದಿದ್ದರೆ ಲೋಗೋ ದೊಡ್ಡದಾದರೂ ಸಣ್ಣದಾದರೂ ಗೆರೆಯ ದಪ್ಪ ಅಷ್ಟೇ ಇರುತ್ತದೆ. ಹತ್ತು ಅಡಿ ಬೋರ್ಡಿನಲ್ಲಿ ಕೂದಲೆಳೆ, ವಿಸಿಟಿಂಗ್ ಕಾರ್ಡಿನಲ್ಲಿ ಎಲ್ಲ ಕಟ್ಟಿಕೊಂಡ ಮುದ್ದೆ. ಫೈಲ್ ಕೊಡುವ ಮುಂಚೆ ಅಕ್ಷರಗಳಿಗೆ ಕಂಟ್ರೋಲ್-ಕ್ಯೂ ಒತ್ತಿ ಕರ್ವ್ ಮಾಡಿ (ಫಾಂಟ್ ಬೇಡದ ಬರೀ ಆಕಾರವಾಗುತ್ತದೆ), ಔಟ್‌ಲೈನ್‌ಗಳಿಗೆ ಕಂಟ್ರೋಲ್-ಶಿಫ್ಟ್-ಕ್ಯೂ ಒತ್ತಿ ಆಬ್ಜೆಕ್ಟ್ ಮಾಡಿ. ಕನ್ನಡ ಅಕ್ಷರವಾದರೆ ಇದು ಇನ್ನೂ ಮುಖ್ಯ. ಪ್ರೆಸ್ಸಿನ ಕಂಪ್ಯೂಟರ್‌ನಲ್ಲಿ ನಿಮ್ಮ ನುಡಿ ಫಾಂಟ್ ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಏನೇನೋ ಚಿಹ್ನೆ ಅಚ್ಚಾಗಿ ಬರುತ್ತದೆ.

ಹಿರಿಯರಿಂದ ಕಲಿಯುವ ಕ್ರಮ ಈಗ. ಅವರ ಮಾತು ಕೇಳುವುದನ್ನು ಬಿಟ್ಟು ಅವರ ಗುರುತುಗಳನ್ನು ಕೈಯಿಂದ ಬಿಡಿಸಿ. ಸ್ಟೇಟ್ ಬ್ಯಾಂಕ್‌ನ ಗುರುತಿನಿಂದ ಶುರು ಮಾಡಿ, 1971ರದ್ದು, ಅಹಮದಾಬಾದಿನ ವಿನ್ಯಾಸ ಶಾಲೆ ಎನ್‌ಐಡಿಯ ಶೇಖರ್ ಕಾಮತ್ ಮಾಡಿದ್ದು. ಗ್ರಾಫ್ ಹಾಳೆ, ಕಂಪಾಸು, ಎಚ್‌ಬಿ ಪೆನ್ಸಿಲು ಸಾಕು. ವೃತ್ತದ ವ್ಯಾಸ 64 ಮಿ.ಮೀ. ಇಟ್ಟುಕೊಂಡು ಬರೆದು ಕಪ್ಪು ಮಾರ್ಕರ್ ತುಂಬಿ. ಆಮೇಲೆ ಝೆರಾಕ್ಸ್ ಅಂಗಡಿಗೆ ಹೋಗಿ 50% ಮಾಡಿಸಿ, ಬಂದ ಪ್ರತಿಯನ್ನೇ ಮತ್ತೆ 50%, ಮತ್ತೊಮ್ಮೆ. 32, 16, 8. ಮೂಲ ಹಾಳೆಯಿಂದಲ್ಲ, ಪ್ರತಿಯಿಂದ ಪ್ರತಿ ತೆಗೆಸಬೇಕು, ಆಗಲೇ ಅಂಚು ಹಾಳಾಗುವುದು ತಿಳಿಯುತ್ತದೆ. 8 ಮಿಲಿಮೀಟರ್‌ನಲ್ಲೂ ಆ ಒಳಗಿನ ಚುಕ್ಕೆ ಮತ್ತು ಕೆಳಗಿಳಿದ ಸೀಳು ಉಳಿದಿರುತ್ತವೆ. ಇನ್ನು ನೀವು ಮಾಡಿದ ಒಂದು ಲೋಗೋವನ್ನೂ ಹಾಗೆಯೇ ಇಳಿಸಿ, ಯಾವ ಹಂತದಲ್ಲಿ ಯಾವ ಭಾಗ ಸತ್ತಿತು ಎಂದು ಹಾಳೆಯ ಮೇಲೇ ಬರೆದಿಡಿ. ಲೋಗೋವನ್ನು ಮಸುಕು ಮಾಡಿದರೂ ಗುರುತು ಸಿಗುತ್ತದೆಯೇ ಎಂದು ನೋಡುವುದು ರ‍್ಯಾಂಡ್ ಅವರಿಗೂ ಮುಖ್ಯವಾಗಿತ್ತು. ಝೆರಾಕ್ಸ್ ಅದನ್ನೇ ಪುಡಿಗಾಸಿನಲ್ಲಿ ಮಾಡಿಕೊಡುತ್ತದೆ. ರೂಪಾಯಿ ಚಿಹ್ನೆಗೂ ಇದನ್ನೇ ಮಾಡಿ. ಡಿ. ಉದಯ ಕುಮಾರ್ ಅವರ ಆ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿದ್ದು 2010ರಲ್ಲಿ. ದೇವನಾಗರಿಯ 'ರ' ಮತ್ತು ಎರಡು ಅಡ್ಡಗೆರೆ; ಗೆರೆಗಳ ನಡುವಿನ ಬಿಳಿ ಜಾಗ ಸ್ವಲ್ಪ ಕಡಿಮೆಯಾದರೂ ಬಿಲ್ಲಿನ ಅಕ್ಷರದಳತೆಯಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಯಾವ ಸಂದರ್ಶನದಲ್ಲೂ ನಿಮಗೆ ಸಿಗದಿರುವುದು ಕನ್ನಡ ಅಕ್ಷರದ ಪಾಠ. ಅಲ್ಲಿ ಎಲ್ಲರೂ ಮಾತಾಡುವುದು ಒಂದೇ ಸಾಲಿನಲ್ಲಿ ನಿಲ್ಲುವ ಅಕ್ಷರಗಳ ಬಗ್ಗೆ. 'ಶ್ರೀ ಬಸವೇಶ್ವರ' ಎಂದು ಬರೆದು ನೋಡ್ರಿ: ಮೇಲೆ ತಲೆಕಟ್ಟು, ಕೆಳಗೆ ಒತ್ತು, ಬಲಕ್ಕೆ ದೀರ್ಘ. ಎತ್ತರ ಇಷ್ಟೇ ಎಂದು ಮಾಲೀಕರು ಹೇಳಿದ ಜಾಗದಲ್ಲಿ ದೊಡ್ಡ ಪಾಲು ಒತ್ತಿಗೇ ಹೋಗುತ್ತದೆ, ಮೂಲ ಅಕ್ಷರ ಸಣ್ಣಗಾಗುತ್ತದೆ. ಜಾಗ ಉಳಿಸಲು ಒತ್ತನ್ನು ಬೇರೆ ಮಾಡಿ ಮೌಸ್‌ನಿಂದ ಎಳೆದು ಕುಗ್ಗಿಸುವುದು ಎಲ್ಲರೂ ಮಾಡುವ ಕೆಲಸ. ಕುಗ್ಗಿಸಿದಾಗ ಅದರ ಗೆರೆಯೂ ತೆಳುವಾಗುತ್ತದೆ, ಅಚ್ಚಿನಲ್ಲಿ ಮೊದಲು ಮಾಯವಾಗುವುದು ಅದೇ. ಒತ್ತನ್ನು ಸಣ್ಣದು ಮಾಡಿ, ಗೆರೆಯ ದಪ್ಪವನ್ನು ಮಾತ್ರ ಮೂಲ ಅಕ್ಷರದ ಹತ್ತಿರಕ್ಕೇ ಇಟ್ಟು ಹೊಸದಾಗಿ ಬಿಡಿಸಿ. ಬ್ರಷ್ ಹಿಡಿದು ಬೋರ್ಡು ಬರೆಯುವ ಹಳಬರ ಕೈಗೆ ಇದು ತಾನಾಗಿ ಬರುತ್ತದೆ, ಒತ್ತಿಗೂ ಅದೇ ಬ್ರಷ್ ತಾನೇ. ಅಂಥವರೊಬ್ಬರು ನಿಮ್ಮ ಓಣಿಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಒಂದು ಮಧ್ಯಾಹ್ನ ಪಕ್ಕದಲ್ಲಿ ನಿಂತುಬಿಡಿ. ಕನ್ನಡದ ಜತೆ ಉರ್ದುವನ್ನೂ ಒಂದೇ ಬೋರ್ಡಿನಲ್ಲಿ ಕೂರಿಸುವುದನ್ನು ನೋಡಬೇಕೆಂದರೆ ನಮ್ಮ ಊರಿಗಿಂತ ಒಳ್ಳೆಯ ಜಾಗ ಬೇಡ.

ಬೀದರ್‌ಗೆ ಹೋದರೆ ಬಿದರಿ ಕೆಲಸಗಾರರ ಅಂಗಡಿಯಲ್ಲೂ ಸ್ವಲ್ಪ ಹೊತ್ತು ಕೂತು ಬನ್ನಿ. ಸತು ಮತ್ತು ಸ್ವಲ್ಪ ತಾಮ್ರ ಸೇರಿದ ಲೋಹಕ್ಕೆ ಮೊದಲು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀಚಿದ ಗೆರೆ ಕಾಣಲಿ ಎಂದು. ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಅಥವಾ ತಗಡು ಬಡಿದು ಕೂರಿಸಿ, ಉಜ್ಜಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅವರಿಗೆ ಇರುವುದು ಎರಡೇ ಬಣ್ಣ, ನಡುವಿನದ್ದು ಇಲ್ಲ. ಒಂದು ಬಳ್ಳಿಯ ಎಲೆಯೂ ಎಲೆಗಳ ನಡುವಿನ ಕಪ್ಪೂ ಹೇಗೆ ಜಾಗ ಹಂಚಿಕೊಂಡಿವೆ ಎಂದು ಟ್ರೇಸಿಂಗ್ ಹಾಳೆಯಲ್ಲಿ ಬರೆದುಕೊಂಡು ಬನ್ನಿ, ಆದರೆ ಕೇಳಿಯೇ ಬರೆಯಿರಿ. ಆ ಬಳ್ಳಿಯನ್ನೇ ಎತ್ತಿ ಗಿರಾಕಿಯ ಲೋಗೋದಲ್ಲಿ ಹಾಕುವುದು ಬೇಡ, ದಪ್ಪ-ತೆಳುವಿನ ಲೆಕ್ಕ ಮಾತ್ರ ತೆಗೆದುಕೊಳ್ಳಿ.

ಆಪ್ಷನ್ ವಿಷಯ. 1986ರಲ್ಲಿ ಸ್ಟೀವ್ ಜಾಬ್ಸ್‌ರ ನೆಕ್ಸ್ಟ್ (NeXT) ಕಂಪನಿಗೆ ರ‍್ಯಾಂಡ್ ಒಂದೇ ಲೋಗೋ ಕೊಟ್ಟರು, ಒಂದು ಲಕ್ಷ ಡಾಲರ್ ತೆಗೆದುಕೊಂಡರು. ಇದನ್ನು ಕೇಳಿ ಒಂದೇ ತೋರಿಸಿ ಬಿಗಿಯಾಗಿ ಕೂರಲು ಹೋಗಬೇಡಿ. ಅವರು ಲೋಗೋ ಜತೆ ಒಂದು ಪುಸ್ತಿಕೆಯನ್ನೇ ಕೊಟ್ಟಿದ್ದರು: ಹೆಸರಿನ ನಾಲ್ಕಕ್ಷರ ಎರಡು ಸಾಲಾದದ್ದು ಯಾಕೆ, 'ಇ' ಮಾತ್ರ ಸಣ್ಣಕ್ಷರ ಯಾಕೆ, ಅಕ್ಷರಗಳು ಕೂತ ಘನಾಕೃತಿ (ಕ್ಯೂಬ್) 28 ಡಿಗ್ರಿ ವಾಲಿದ್ದು ಯಾಕೆ, ಹಂತಹಂತವಾಗಿ. ನೀವು ಆ ವಿವರಣೆಯನ್ನು ಎರಡು ಹಾಳೆಯಲ್ಲಿ ಬರೆಯಬಲ್ಲಿರಾದರೆ ಒಂದೇ ತೋರಿಸಿ. ಇಲ್ಲವಾದರೆ ಎರಡು. ಆರು ತೋರಿಸಿದರೆ ಒಂದರ ಎತ್ತು, ಇನ್ನೊಂದರ ಸೂರ್ಯ, ಮೂರನೆಯದರ ಅಕ್ಷರ ಸೇರಿಸಿ ಏಳನೆಯದನ್ನು ಮಾಲೀಕರೇ ಮಾಡಿಬಿಡುತ್ತಾರೆ. ತೋರಿಸುವ ಮುಂಚೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಸೈಟ್‌ನಲ್ಲಿ ಉಚಿತ ಹುಡುಕಾಟ ಮಾಡಿ, ಎತ್ತು ಮತ್ತು ಸೂರ್ಯ ಈಗಾಗಲೇ ಬೇಕಾದಷ್ಟು ಜನರ ಹತ್ತಿರ ಇವೆ.

ಬೆಂಗಳೂರು? 1916ರಲ್ಲಿ ಇದೇ ಕಲಬುರಗಿಯಲ್ಲಿ ಹುಟ್ಟಿದ ಕಲಾವಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪ್ರಚಾರ ಚಿತ್ರ, ಕ್ಯಾಲೆಂಡರ್ ಚಿತ್ರಗಳಲ್ಲಿ ಹೆಸರು ಮಾಡಿದರು. ಆಗ ಆ ಕೆಲಸವೂ ಅಚ್ಚುಮನೆಯೂ ಅಲ್ಲಿದ್ದವು, ಹೋಗಲೇಬೇಕಿತ್ತು. ನಿಮಗೆ ಬೇಕಾದ ಪ್ರೆಸ್ಸು, ಪ್ಲಾಟರ್, ಸ್ಟಾಂಪ್ ಅಂಗಡಿ, ಸಮವಸ್ತ್ರಕ್ಕೆ ಕಸೂತಿ ಹಾಕುವವರು ಎಲ್ಲ ಇಲ್ಲೇ ಒಂದು ಆಟೋ ದೂರದಲ್ಲಿದ್ದಾರೆ. ಪದವಿ ಬೇಕೆಂದರೆ ಊರಲ್ಲೇ ಎಂ.ಎಂ.ಕೆ. ದೃಶ್ಯಕಲಾ ಕಾಲೇಜೂ ಇದೆ. ಒಂದು ವರ್ಷ ಇಲ್ಲೇ ಇದ್ದು, ಮಾಡಿದ ಪ್ರತಿ ಲೋಗೋ ಅಚ್ಚಾಗುವಾಗ ಮಷಿನ್ ಪಕ್ಕ ನಿಲ್ಲಿ. ಆಮೇಲೆ ಬೆಂಗಳೂರಿನ ಸ್ಟುಡಿಯೋಗೆ ಅರ್ಜಿ ಹಾಕುವುದಾದರೆ ಪೋರ್ಟ್‌ಫೋಲಿಯೋದಲ್ಲಿ ಡೌನ್‌ಲೋಡ್ ಮಾಡಿದ ಕಾಫಿ ಕಪ್ಪಿನ ಮಾಕಪ್ ಹಾಕಬೇಡಿ. ತೊಗರಿ ತುಂಬಿದ ಚೀಲ, ಹರಿದ ಬಿಲ್ಲು, ಸ್ಟಾಂಪ್ ಒತ್ತಿದ ರಸೀದಿ, ಶಟರ್, ಇವುಗಳ ಫೋಟೋ ಹಾಕಿ, ಅಳತೆ ತಿಳಿಯಲು ಪಕ್ಕದಲ್ಲೊಂದು ಸ್ಟೀಲ್ ಸ್ಕೇಲ್ ಇಟ್ಟು ತೆಗೆಯಿರಿ.